ಹುಲ್ಲಿಗಾಗಿ ಒಂದು ಗಂಟೆ

ಸಮಾಜವಿಜ್ಞಾನದ ಪಾಠದಲ್ಲಿ ಸಮಶೀತೋಷ್ಣ ವಲಯದ ಹುಲ್ಲುಗಾವಲುಗಳು ಒಂದೇ ಉಸಿರಿನಲ್ಲಿ ಮುಗಿದುಹೋಗುತ್ತವೆ: ಉತ್ತರ ಅಮೆರಿಕದಲ್ಲಿ ಪ್ರೇರಿ, ದಕ್ಷಿಣ ಅಮೆರಿಕದಲ್ಲಿ ಪಂಪಾಸ್, ಯುರೇಷಿಯಾದಲ್ಲಿ ಸ್ಟೆಪ್ಪಿ, ಆಫ್ರಿಕದಲ್ಲಿ ವೆಲ್ಡ್, ಆಸ್ಟ್ರೇಲಿಯದಲ್ಲಿ ಡೌನ್ಸ್. ಹೊಂದಿಸಿ ಬರೆಯಿರಿ ಎಂಬ ಪ್ರಶ್ನೆಗೆ ಇಷ್ಟು ಸಾಕು. ಮೂವತ್ತು ವರ್ಷ ನಾನೂ ಹಾಗೆಯೇ ಹೊಂದಿಸಿ ಬರೆಸಿದವನು. ಪ್ರೇರಿಯೆಂದರೆ ಎಷ್ಟು ದೊಡ್ಡದು, ಅದನ್ನು ದಾಟಲು ಎಷ್ಟು ಹೊತ್ತು ಬೇಕು ಎಂದು ಒಬ್ಬ ಹುಡುಗನಾಗಲಿ ಹುಡುಗಿಯಾಗಲಿ ಕೇಳಿದ್ದಿಲ್ಲ. ಕೇಳಿದ್ದರೆ ಉತ್ತರ ನನ್ನಲ್ಲಿಯೂ ಇರಲಿಲ್ಲ.

ಈಗ ಕೇಳುವವರು ಬಂದಿದ್ದಾರೆ. ನೆರೆಮನೆಯ ದಂಪತಿಗಳು ಬರುವ ಜೂನ್ ತಿಂಗಳಲ್ಲಿ ಅಮೆರಿಕದ ಮಿನಿಯಾಪೊಲಿಸ್ ನಗರದಲ್ಲಿರುವ ಮಗನ ಮನೆಗೆ ಹೋಗುವವರು. ನಮ್ಮ ಕನ್ನಡ ಶಾಲೆಯಲ್ಲೇ ಓದಿದ ಆ ಮಗ, ತಂದೆತಾಯಿಗೆ ತೋರಿಸಬೇಕಾದ ಸ್ಥಳಗಳ ಪಟ್ಟಿಯೊಂದನ್ನು ಕಳುಹಿಸಿದ್ದಾನೆ: ಆರು ದಿನ, ಹದಿನಾರು ಸ್ಥಳ, ಬಯಲು ದಾಟಿ, ಬೆಟ್ಟ ಹತ್ತಿ, ಯೆಲ್ಲೋಸ್ಟೋನ್ ಉದ್ಯಾನವನ್ನು ನೋಡಿ ಹಿಂದಿರುಗುವುದು. ಆ ತಾಯಿ ಪಟ್ಟಿಯನ್ನು ನನ್ನ ಮುಂದಿಟ್ಟು, “ಮಾಷ್ಟ್ರೇ, ನೀವು ಹೋಗಿಬಂದ ದಾರಿಯಲ್ಲವೇ, ಇದು ನಮ್ಮಿಂದ ಆದೀತೇ?” ಎಂದರು.

ಹೋಗಿಬಂದದ್ದು ನಿಜ. ಕೆಲವು ವರ್ಷಗಳ ಹಿಂದೆ ಮಗಳ ಮನೆಗೆ ಹೋಗಿದ್ದಾಗ ಇದೇ ದಾರಿಯಲ್ಲಿ ನಾವೂ ಹೋದೆವು, ಐದು ದಿನಗಳಲ್ಲಿ. ಯೋಜನೆ ನನ್ನದೇ. ಭೂಗೋಲ ಕಲಿಸಿದವನೆಂಬ ಹಮ್ಮಿನಿಂದ ನಕಾಶೆಯ ಮೇಲೆ ಗೆರೆಯೆಳೆದು, ದಿನಕ್ಕೆ ಇಷ್ಟು ಮೈಲಿ ಎಂದು ಭಾಗಿಸಿ, ಯಾರೂ ಬಾಯಿ ತೆರೆಯದಂತೆ ಮಾಡಿದ್ದೆ. ಆ ಯೋಜನೆಯಲ್ಲಿ ಇರಬೇಕಾದದ್ದೆಲ್ಲ ಇತ್ತು, ನಿಲ್ಲುವುದಕ್ಕೆ ಹೊತ್ತೊಂದನ್ನು ಬಿಟ್ಟು. ನನ್ನಾಕೆ ಇಂದಿಗೂ ಅದನ್ನು ಎತ್ತಿ ಆಡುವುದುಂಟು. ಆದ್ದರಿಂದ ಪಟ್ಟಿಯನ್ನು ಹಾಗೆಯೇ ಮರಳಿಸುವುದಕ್ಕೆ ಮನಸ್ಸಾಗಲಿಲ್ಲ. ಎದುರುಮನೆಯ ಇಬ್ಬರು ಹುಡುಗಿಯರನ್ನು ಕರೆದೆ. ಇಬ್ಬರೂ ಒಂಬತ್ತನೆಯ ತರಗತಿಯವರು. ಅಟ್ಲಾಸು, ಅಳತೆಪಟ್ಟಿ, ನೂಲು ಹಿಡಿದುಕೊಂಡು ಎರಡು ಭಾನುವಾರ ಜಗಲಿಯಲ್ಲಿ ಕುಳಿತೆವು.

ಮೊದಲು ನೂಲಿನ ಕೆಲಸ. ಮಿನಿಯಾಪೊಲಿಸಿನಿಂದ ಯೆಲ್ಲೋಸ್ಟೋನಿಗೆ ಸುಮಾರು 1,600 ಕಿಲೋಮೀಟರ್. ಹೋಗಿಬರಲು 3,200. ಒಳಗಿನ ಸುತ್ತಾಟವನ್ನು ಬಿಟ್ಟರೂ ಆರು ದಿನಗಳಿಗೆ ಹಂಚಿದರೆ ದಿನವೊಂದಕ್ಕೆ ಐನೂರಕ್ಕೂ ಮಿಕ್ಕಿತು. ನಡುವೆ ಬರುವ ದಕ್ಷಿಣ ಡಕೋಟ ರಾಜ್ಯವೊಂದನ್ನೇ 90ನೆಯ ಅಂತಾರಾಜ್ಯ ಹೆದ್ದಾರಿಯಲ್ಲಿ ಅಡ್ಡಲಾಗಿ ದಾಟಲು 660 ಕಿಲೋಮೀಟರ್ ಓಡಬೇಕು. ಒಂದು ಕಾಗದಪತ್ರದ ಕೆಲಸಕ್ಕಾಗಿ ಕಾಸರಗೋಡಿನಿಂದ ತಿರುವನಂತಪುರಕ್ಕೆ ಹೋಗಿಬಂದವರಿಗೆ ಈ ದೂರವೇನೆಂದು ವಿವರಿಸಬೇಕಾಗಿಲ್ಲ. ಅದಕ್ಕಿಂತಲೂ ಹೆಚ್ಚು ಇದು. ಆದರೆ ಆ ದಾರಿಯುದ್ದಕ್ಕೂ ನಮಗೆ ಊರು ಮುಗಿಯುವುದಿಲ್ಲ, ಅಲ್ಲಿ ಊರು ಸಿಗುವುದಿಲ್ಲ. ಕೇರಳದ ಐದು ಪಟ್ಟು ವಿಸ್ತಾರವಿರುವ ಆ ರಾಜ್ಯದ ಜನಸಂಖ್ಯೆ 2020ರ ಗಣತಿಯಂತೆ ಒಂಬತ್ತು ಲಕ್ಷವೂ ಇಲ್ಲ. ನಮ್ಮ ಕಾಸರಗೋಡು ಜಿಲ್ಲೆಯೊಂದರಲ್ಲೇ 2011ರಲ್ಲಿ ಹದಿಮೂರು ಲಕ್ಷ ಮಂದಿ ಇದ್ದರು. ಇದನ್ನು ಕಂಡುಹಿಡಿದ ಹುಡುಗಿ ಲೆಕ್ಕ ತಪ್ಪಿರಬೇಕೆಂದು ಮೂರು ಸಲ ನೋಡಿದಳು.

ಅಲ್ಲಿ ವೇಗಮಿತಿ ಗಂಟೆಗೆ 80 ಮೈಲಿ, ಅಂದರೆ ಸುಮಾರು 129 ಕಿಲೋಮೀಟರ್. ಹಾಗಾಗಿ ಐನೂರು ಕಿಲೋಮೀಟರ್ ಎಂದರೆ ನಾಲ್ಕು ಗಂಟೆಯಲ್ಲವೇ ಎಂಬ ಎಣಿಕೆ ತಾನಾಗಿ ಹುಟ್ಟುತ್ತದೆ. ನನ್ನನ್ನು ಕೆಡಿಸಿದ್ದು ಇದೇ ಎಣಿಕೆ. ವಯಸ್ಸಾದವರು ಎರಡು ಗಂಟೆಗೊಮ್ಮೆಯಾದರೂ ಇಳಿದು ಕಾಲಾಡಿಸಬೇಕು. ಔಷಧ, ಊಟ, ಶೌಚ ಎಲ್ಲಕ್ಕೂ ಹೊತ್ತು ಬೇಕು. ಮುಂದಿನ ಪೆಟ್ರೋಲ್ ಬಂಕು ಎಷ್ಟು ದೂರದಲ್ಲಿದೆಯೆಂದು ನೋಡಿಕೊಂಡೇ ಮುಂದುವರಿಯಬೇಕಾದ ಪ್ರದೇಶಗಳಿವೆ. ಇವೆಲ್ಲದರ ಮೇಲೆ, ದಕ್ಷಿಣ ಡಕೋಟದ ನಡುವೆ ಗಡಿಯಾರವೂ ಬದಲಾಗುತ್ತದೆ. ಪಶ್ಚಿಮಕ್ಕೆ ಹೋಗುವಾಗ ಒಂದು ಗಂಟೆ ಲಾಭ, ಮರಳುವಾಗ ಅದೇ ಒಂದು ಗಂಟೆ ನಷ್ಟ. ನಾವು ಮರಳುವಾಗ ಈ ಗಂಟೆಯನ್ನು ಮರೆತು, ರಾತ್ರಿ ಊಟ ಸಿಗದೆ ಬಿಸ್ಕತ್ತು ತಿಂದು ಮಲಗಿದ್ದೆವು.

ಆದ್ದರಿಂದ ನಮ್ಮ ಮೊದಲ ತಿದ್ದುಪಡಿ: ಆರು ದಿನವಲ್ಲ, ಹನ್ನೊಂದು. ಮಗನಿಗೆ ಬರೆದಾಗ ಅವನು ಏಳು ದಿನದ ರಜೆಗೆ ಎರಡು ವಾರಾಂತ್ಯಗಳನ್ನು ಜೋಡಿಸಿ ಹೇಗೋ ಹೊಂದಿಸಿದ. ಊರಿನಿಂದ ಹೋಗಿ ಇಳಿದ ಮೊದಲ ವಾರದಲ್ಲಿ ಹೊರಡಬಾರದೆಂಬುದನ್ನೂ ಸೇರಿಸಿದೆವು. ಹಗಲು ರಾತ್ರಿಗಳು ತಲೆಕೆಳಗಾದ ಶರೀರ ಬೆಟ್ಟ ಹತ್ತುವುದಕ್ಕೆ ತಕ್ಕದ್ದಲ್ಲ.

ಇನ್ನು ಬಯಲು. ಪ್ರೇರಿಯನ್ನು ನೋಡಲು ಹೋಗುವವರಿಗೆ ಮೊದಲು ಎದುರಾಗುವುದು ಪ್ರೇರಿಯಲ್ಲ, ಜೋಳ ಮತ್ತು ಸೋಯಾ ಅವರೆಯ ಹೊಲಗಳು. ಒಂದು ಕಾಲದಲ್ಲಿ ಆಳೆತ್ತರದ ಹುಲ್ಲು ಬೆಳೆಯುತ್ತಿದ್ದ ಆ ಪೂರ್ವಭಾಗದ ಮಣ್ಣು ಅತ್ಯಂತ ಫಲವತ್ತಾದುದು. ಹುಲ್ಲಿನ ಬೇರುಗಳು ಮೂರು ಮೀಟರ್ ಆಳದವರೆಗೂ ಇಳಿದು, ಸಾವಿರಾರು ವರ್ಷ ಕೊಳೆತು ಕೊಳೆತು ಮಾಡಿದ ಕಪ್ಪು ಮಣ್ಣು. ಆ ಬೇರಿನ ಹೆಣಿಗೆಯನ್ನು ಮರದ ಮತ್ತು ಎರಕದ ಕಬ್ಬಿಣದ ನೇಗಿಲುಗಳು ಸೀಳಲಾರದೆ ಸೋತವು. 1837ರಲ್ಲಿ ಜಾನ್ ಡೀರ್ ಎಂಬ ಕಮ್ಮಾರ ಉಕ್ಕಿನ ನೇಗಿಲನ್ನು ಮಾಡಿದ ಮೇಲೆ ಹುಲ್ಲಿನ ಆಯುಷ್ಯ ಮುಗಿಯಿತು. ಎತ್ತರದ ಹುಲ್ಲಿನ ಪ್ರೇರಿಯಲ್ಲಿ ಇಂದು ಉಳಿದಿರುವುದು ನೂರಕ್ಕೆ ನಾಲ್ಕು ಪಾಲಿಗಿಂತಲೂ ಕಡಿಮೆ. ಅದನ್ನು ಕಾಣಬೇಕಾದರೆ ಹೆದ್ದಾರಿಯಿಂದ ಇಳಿದು ಹುಡುಕಿಕೊಂಡು ಹೋಗಬೇಕು. ಮಿನಿಸೋಟ ರಾಜ್ಯದ ತುತ್ತತುದಿಯಲ್ಲಿ ಲುವರ್ನ್ ಎಂಬ ಪಟ್ಟಣದ ಹತ್ತಿರ ಬ್ಲೂ ಮೌಂಡ್ಸ್ ಎಂಬ ರಾಜ್ಯ ಉದ್ಯಾನವಿದೆ. ನಸುಗೆಂಪು ಕ್ವಾರ್ಟ್‌ಜೈಟ್ ಬಂಡೆಯ ಕಡಿದಾದ ಅಂಚು, ಅದರ ಬೆನ್ನ ಮೇಲೆ ಉಳುಮೆ ಕಾಣದೆ ಉಳಿದ ಹುಲ್ಲು, ಬೇಲಿಯೊಳಗೆ ಒಂದು ಕಾಡೆಮ್ಮೆ ಹಿಂಡು.

ಐದು ದಿನಗಳ ನನ್ನ ಯೋಜನೆಯಲ್ಲಿ ಈ ಹೆಸರು ಇರಲಿಲ್ಲ. ದಾರಿಬದಿಯ ಫಲಕ ನೋಡಿ ಮಗಳು ಕಾರನ್ನು ನಿಧಾನಿಸಿದಳು. ದೂರದ ದಿಣ್ಣೆಯ ಮೇಲೆ ಗಾಳಿಗೆ ಹುಲ್ಲು ಮಲಗಿ ಏಳುತ್ತಿತ್ತು. ನನ್ನಾಕೆ, “ನಮ್ಮ ಪದವಿನ ಮುಳಿಹುಲ್ಲಿನ ಹಾಗೆಯೇ ಇದೆ, ಒಂದು ಗಳಿಗೆ ಇಳಿಯೋಣ” ಎಂದಳು. ರಾತ್ರಿಯೊಳಗೆ ಮಿಸೌರಿ ನದಿ ದಾಟಬೇಕೆಂದು ನಾನು ಬಿಡಲಿಲ್ಲ. ಮುಳಿಹುಲ್ಲು ಹೊದೆಸಿದ ಮನೆಯಲ್ಲಿ ಹುಟ್ಟಿ, ಪ್ರತಿವರ್ಷ ಪದವಿನಿಂದ ಹುಲ್ಲು ಕೊಯ್ದು ಹೊತ್ತು ತಂದವಳು ಅವಳು. ಹದಿಮೂರು ಸಾವಿರ ಕಿಲೋಮೀಟರ್ ಆಚೆ ಅವಳಿಗೆ ಗುರುತು ಸಿಕ್ಕಿದ್ದು ಅದೊಂದೇ.

ಹೊಸ ಪಟ್ಟಿಯ ಮೊದಲ ದಿನದ ಎದುರು ಹುಡುಗಿಯರು ದೊಡ್ಡಕ್ಷರದಲ್ಲಿ ಬರೆದಿದ್ದಾರೆ: ಬ್ಲೂ ಮೌಂಡ್ಸ್, ಹುಲ್ಲಿಗಾಗಿ ಒಂದು ಗಂಟೆ. ಆಳೆತ್ತರದ ಹುಲ್ಲು ಎಂದು ಓದಿ ಹೋದವರು ಜೂನ್‌ನಲ್ಲಿ ನಿರಾಶರಾಗಬಾರದು. ಆಗ ಅದು ಮೊಣಕಾಲೆತ್ತರ ಇದ್ದರೆ ಹೆಚ್ಚು. ತಲೆಗೆ ಮೀರಿ ಬೆಳೆಯುವುದು ಆಗಸ್ಟ್ ಕಳೆದ ಮೇಲೆ.

ಮಿಸೌರಿ ನದಿಯನ್ನು ದಾಟಿದ ಬಳಿಕ ನೆಲದ ಬಣ್ಣ ಬದಲಾಗುತ್ತದೆ. ಸುಮಾರು ನೂರನೆಯ ರೇಖಾಂಶದ ಆಚೆಗೆ ವರ್ಷದ ಮಳೆ ಐವತ್ತು ಸೆಂಟಿಮೀಟರಿಗಿಂತ ಕೆಳಗಿಳಿಯುತ್ತದೆಂದು 1878ರಷ್ಟು ಹಿಂದೆಯೇ ಜಾನ್ ವೆಸ್ಲಿ ಪವೆಲ್ ಎಂಬ ಭೂವಿಜ್ಞಾನಿ ಸರಕಾರಕ್ಕೆ ವರದಿ ಕೊಟ್ಟು, ನೀರಾವರಿಯಿಲ್ಲದೆ ಅಲ್ಲಿ ಬೇಸಾಯ ನಿಲ್ಲದೆಂದು ಎಚ್ಚರಿಸಿದ್ದ. ಆಟಿ ತಿಂಗಳೊಂದರಲ್ಲೇ ಅದಕ್ಕಿಂತ ಹೆಚ್ಚು ಮಳೆ ಕಾಣುವ ನಮಗೆ ಇದು ಬೇರೆಯೇ ಲೋಕ. ಹೊಲ ಮುಗಿದು ಗೋಮಾಳ ಶುರುವಾಗುತ್ತದೆ. ಹುಲ್ಲು ಗಿಡ್ಡ, ಆಕಾಶ ಅತಿ ದೊಡ್ಡದು. ಈ ನಡುವಿನ ದಾರಿ ಬೇಸರ ತರಿಸುವುದೆಂದು ಹೇಳುವವರು ಬಹಳ. ನನ್ನ ಅಭಿಪ್ರಾಯ ಬೇರೆ, ಆದರೆ ವಾದಿಸಲಾರೆ. ದಾರಿಯುದ್ದಕ್ಕೂ ವಾಲ್ ಎಂಬ ಸಣ್ಣ ಊರಿನ ಔಷಧಿ ಅಂಗಡಿಯೊಂದರ ಜಾಹೀರಾತು ಫಲಕಗಳು ಕಾಣುತ್ತವೆ. 1931ರಲ್ಲಿ ಅಂಗಡಿ ಕೊಂಡು ಗಿರಾಕಿಗಳಿಲ್ಲದೆ ಕುಳಿತಿದ್ದ ದಂಪತಿಗಳು, 1936ರಲ್ಲಿ ಮಂಜುಗಡ್ಡೆ ಹಾಕಿದ ನೀರು ಉಚಿತವೆಂದು ರಸ್ತೆಬದಿಯಲ್ಲಿ ಫಲಕ ನೆಟ್ಟರು. ಅಂದಿನಿಂದ ಜನ ನಿಂತದ್ದು ನಿಂತೇ ಇದ್ದಾರೆ. ಅರವಟ್ಟಿಗೆಯಿಂದ ವ್ಯಾಪಾರ ಬೆಳೆದ ಕತೆ.

ವಾಲ್ ಊರಿನ ಪಕ್ಕದಲ್ಲೇ ಬ್ಯಾಡ್‌ಲ್ಯಾಂಡ್ಸ್ ರಾಷ್ಟ್ರೀಯ ಉದ್ಯಾನ. ಹುಲ್ಲುಗಾವಲು ಇದ್ದಕ್ಕಿದ್ದಂತೆ ತುಂಡಾಗಿ, ಕೆಳಗೆ ಪದರ ಪದರವಾಗಿ ಬಣ್ಣ ಬಳಿದಂತಹ ಮಣ್ಣಿನ ಗೋಪುರಗಳು ತೆರೆದುಕೊಳ್ಳುತ್ತವೆ. ಮಳೆ ಅವುಗಳನ್ನು ವರ್ಷಕ್ಕೆ ಸುಮಾರು ಒಂದು ಅಂಗುಲದಂತೆ ಕರಗಿಸುತ್ತಿದೆ. ನಾವು ಮುಟ್ಟಿದ್ದು ನಡು ಮಧ್ಯಾಹ್ನ. ಬಿಸಿಲಿಗೆ ಬಣ್ಣಗಳೆಲ್ಲ ಬಿಳಿಚಿ, ಕಣ್ಣು ಬಿಡಲಾಗದೆ, ನೆರಳೊಂದೂ ಇಲ್ಲದೆ ಅರ್ಧ ಗಂಟೆಯಲ್ಲಿ ಕಾರಿಗೆ ಮರಳಿದೆವು. ಅಲ್ಲಿಗೆ ಹೋಗಬೇಕಾದದ್ದು ಸಂಜೆ. ಜೂನ್‌ನಲ್ಲಿ ಆ ಅಕ್ಷಾಂಶದಲ್ಲಿ ರಾತ್ರಿ ಎಂಟೂವರೆಯವರೆಗೂ ಬೆಳಕಿರುತ್ತದೆ. ಹತ್ತಿರವೇ ಉಳಿದು ಮರುದಿನ ಬೆಳಗ್ಗೆ ಮತ್ತೊಮ್ಮೆ ನೋಡಬೇಕು. ಮಗನ ಪಟ್ಟಿಯಲ್ಲಿ ಇದೂ ‘ಮಧ್ಯಾಹ್ನ 1ರಿಂದ 2’ ಎಂದಿತ್ತು. ತಿದ್ದಿದೆವು.

ಈ ಹಂತದಲ್ಲಿ ಹುಡುಗಿಯರಿಗೆ ಬೇರೊಂದು ಹುಚ್ಚು ಹತ್ತಿತು. ಬ್ಯಾಡ್‌ಲ್ಯಾಂಡ್ಸ್ ಎಂಬುದು ಲಕೋಟ ಜನರ ‘ಮಾಕೊ ಶೀಚಾ’ ಎಂಬ ಮಾತಿನ ಅನುವಾದವೆಂದು ನಾನು ಹೇಳಿದ್ದೇ ತಡ, ನಕಾಶೆಯ ಉಳಿದ ಹೆಸರುಗಳ ಹಿಂದೆ ಏನಿದೆಯೆಂದು ಕೇಳತೊಡಗಿದರು. ತನ್ನೂರಿನ ಹೆಸರನ್ನು ಫಲಕಗಳ ಮೇಲೆ ಬೇರೊಂದು ಉಚ್ಚಾರದಲ್ಲಿ ಓದಿಕೊಂಡೇ ಬೆಳೆದ ಮಕ್ಕಳಿಗೆ ಈ ಪ್ರಶ್ನೆ ತಾನಾಗಿ ಬರುತ್ತದೆ. ಮಿನಿಸೋಟ ಎಂಬುದು ಡಕೋಟ ಭಾಷೆಯ ‘ಮ್ನಿ ಸೋಟಾ’, ಆಗಸ ಹೊಳೆಯುವ ನೀರು. ಬ್ಲ್ಯಾಕ್ ಹಿಲ್ಸ್ ಎಂಬ ಕರಿಬೆಟ್ಟಗಳು ಲಕೋಟದಲ್ಲಿ ‘ಹೇ ಸಾಪಾ’. ವಯೋಮಿಂಗ್ ಎಂಬ ಹೆಸರು ಮಾತ್ರ ಆ ನೆಲದ್ದಲ್ಲ; ಪೂರ್ವದ ಪೆನ್ಸಿಲ್ವೇನಿಯದ ಕಣಿವೆಯೊಂದರ ಹೆಸರು, ಬೇರೆ ಜನರ ಭಾಷೆಯದು, ವಲಸೆ ಬಂದು ಅಲ್ಲಿ ನೆಲೆ ನಿಂತಿತು. ಡೆವಿಲ್ಸ್ ಟವರ್ ಎಂಬ ಬಂಡೆಗೋಪುರಕ್ಕೆ ಲಕೋಟರ ಹೆಸರು ‘ಮಾಥೊ ಥೀಪಿಲಾ’, ಕರಡಿಯ ಬೀಡು. ಅದು 264 ಮೀಟರ್ ಎತ್ತರ. 1906ರಲ್ಲಿ ಘೋಷಿತವಾದ ಅಮೆರಿಕದ ಮೊತ್ತಮೊದಲ ರಾಷ್ಟ್ರೀಯ ಸ್ಮಾರಕ. ಆ ಜನರಿಗೆ ಅದು ಪೂಜ್ಯಸ್ಥಾನವಾದುದರಿಂದ ಜೂನ್ ತಿಂಗಳಲ್ಲಿ ಬಂಡೆ ಹತ್ತದಿರಿ ಎಂದು ಆರೋಹಿಗಳನ್ನು ಕೇಳಿಕೊಳ್ಳುತ್ತಾರೆ, ಕಡ್ಡಾಯವಲ್ಲ, ವಿನಂತಿ. ‘ಮಾಥೊ’ದಲ್ಲಿ ಇರುವುದು ಮಹಾಪ್ರಾಣವೇ ಎಂದು ಒಬ್ಬಳು ಕೇಳಿದಳು. ಹೌದು, ಲಕೋಟದಲ್ಲಿ ತ ಬೇರೆ, ಥ ಬೇರೆ. ರೋಮನ್ ಲಿಪಿಯವರು ಪಕ್ಕದಲ್ಲಿ ಇನ್ನೊಂದಕ್ಷರ ಸೇರಿಸಿ ತೋರಿಸಬೇಕಾದುದನ್ನು ನಮ್ಮ ಲಿಪಿ ಒಂದೇ ಅಕ್ಷರದಲ್ಲಿ ಬರೆಯುತ್ತದೆ. ಅವಳು ಅದನ್ನು ನಕಾಶೆಯಲ್ಲಿ ಕನ್ನಡದಲ್ಲೇ ಬರೆದಳು. ಅದೇ ಭಾಷೆಯನ್ನು ಆಡಿದ್ದಕ್ಕಾಗಿ ಅಲ್ಲಿಯ ವಸತಿಶಾಲೆಗಳಲ್ಲಿ ಮಕ್ಕಳಿಗೆ ಪೆಟ್ಟು ಬೀಳುತ್ತಿದ್ದ ಕಾಲವಿತ್ತು. ಈಗ ಲಕೋಟ ಮಾಧ್ಯಮದಲ್ಲೇ ಎಳೆಯರಿಗೆ ಕಲಿಸುವ ತರಗತಿಗಳು ನಡೆಯುತ್ತಿವೆ. ಇದನ್ನು ಕೇಳಿದಾಗ ಇಬ್ಬರೂ ಬರೆಯುವುದನ್ನು ನಿಲ್ಲಿಸಿದರು.

ಕರಿಬೆಟ್ಟಗಳಲ್ಲಿ ಎಲ್ಲರೂ ನೋಡುವುದು ಮೌಂಟ್ ರಶ್‌ಮೋರ್. ನಾಲ್ವರು ಅಧ್ಯಕ್ಷರ ಹದಿನೆಂಟು ಮೀಟರ್ ಎತ್ತರದ ಮುಖಗಳನ್ನು 1927ರಿಂದ 1941ರವರೆಗೆ ಗಟ್ಜನ್ ಬೋರ್ಗ್ಲಮ್ ಎಂಬ ಶಿಲ್ಪಿಯ ನೇತೃತ್ವದಲ್ಲಿ ಸುಮಾರು ನಾನೂರು ಮಂದಿ ಕಡೆದರು, ಬಹುಪಾಲು ಸಿಡಿಮದ್ದಿನಿಂದ. ಕೆಲಸ ಅದ್ಭುತ. ಆದರೆ ಅದರ ಕೆಳಗಿನ ಕತೆಯನ್ನು ತಿಳಿದು ನೋಡುವುದು ಒಳ್ಳೆಯದು. ಲಕೋಟರಿಗೆ ಆ ಬೆಟ್ಟ ‘ಆರು ಅಜ್ಜಂದಿರು’. 1868ರ ಒಪ್ಪಂದದಲ್ಲಿ ಕರಿಬೆಟ್ಟಗಳು ಅವರವೆಂದು ಸರಕಾರವೇ ಬರೆದುಕೊಟ್ಟಿತ್ತು. 1874ರಲ್ಲಿ ಚಿನ್ನ ಕಂಡಿತು. 1877ರಲ್ಲಿ ಕಾನೂನು ಮಾಡಿ ಕಿತ್ತುಕೊಂಡರು. 1980ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಅದು ಅನ್ಯಾಯವೆಂದು ಒಪ್ಪಿ ಹತ್ತು ಕೋಟಿ ಡಾಲರಿಗೂ ಹೆಚ್ಚಿನ ಪರಿಹಾರವನ್ನು ಎತ್ತಿಹಿಡಿಯಿತು. ಅವರು ಅದನ್ನು ಇಂದಿಗೂ ಮುಟ್ಟಿಲ್ಲ. ಬಡ್ಡಿ ಸೇರಿ ನೂರು ಕೋಟಿ ದಾಟಿದೆ. ಬೇಕಾದದ್ದು ಬೆಟ್ಟ, ಹಣವಲ್ಲ. ಅಲ್ಲಿಯ ಅತ್ಯುನ್ನತ ಶಿಖರಕ್ಕೆ ಇದ್ದ ಸೇನಾನಿಯೊಬ್ಬನ ಹೆಸರನ್ನು ತೆಗೆದು 2016ರಲ್ಲಿ ಬ್ಲ್ಯಾಕ್ ಎಲ್ಕ್ ಎಂಬ ಲಕೋಟ ಹಿರಿಯನ ಹೆಸರನ್ನಿಟ್ಟರು. ಹಾಗಾದರೆ ಹೆಸರು ಹಿಂದಕ್ಕೆ ಬರುವುದೂ ಉಂಟು ಎಂದಳು ಎರಡನೆಯವಳು.

ಕಾಡೆಮ್ಮೆಗಳನ್ನು ನೋಡಲು ಕರಿಬೆಟ್ಟಗಳ ಕಸ್ಟರ್ ರಾಜ್ಯ ಉದ್ಯಾನವೇ ಸಾಕು. ಕೋಟಿಗಟ್ಟಲೆ ಇದ್ದ ಪ್ರಾಣಿ ಹತ್ತೊಂಬತ್ತನೆಯ ಶತಮಾನದ ಕೊನೆಗೆ ಸಾವಿರದ ಆಸುಪಾಸಿಗೆ ಇಳಿದಿತ್ತು. ಇಂದು ಅಲ್ಲಿ ಒಂದೇ ಹಿಂಡಿನಲ್ಲಿ ಅಷ್ಟಕ್ಕೂ ಮಿಕ್ಕಿ ಇವೆ. ನಮ್ಮ ಮನೆಯ ಎಮ್ಮೆಯಂತೆ ಸಾಧುವಾಗಿ ಕಾಣುತ್ತದೆ, ಆದರೆ ಗಂಟೆಗೆ 56 ಕಿಲೋಮೀಟರ್ ವೇಗದಲ್ಲಿ ಓಡಬಲ್ಲದು. ಯೆಲ್ಲೋಸ್ಟೋನಿನ ನಿಯಮದಂತೆ ಅದರಿಂದ 23 ಮೀಟರ್, ಕರಡಿ ಮತ್ತು ತೋಳಗಳಿಂದ 91 ಮೀಟರ್ ದೂರ ನಿಲ್ಲಬೇಕು. ಮೊಬೈಲ್ ಹಿಡಿದು ಹತ್ತಿರ ಹೋಗುವುದು ಅಪ್ಪಂದಿರೇ ಹೊರತು ಮಕ್ಕಳಲ್ಲ ಎಂಬುದು ನನ್ನ ಅನುಭವ. ಆಗಸ್ಟ್ ಮೊದಲ ವಾರಗಳಲ್ಲಿ ಪಕ್ಕದ ಸ್ಟರ್ಜಿಸ್ ಊರಿನ ಬೈಕ್ ಜಾತ್ರೆಗೆ ಲಕ್ಷಾಂತರ ಮಂದಿ ನೆರೆಯುವುದರಿಂದ ಆಗ ಹೋಗುವವರಿಗೆ ಕೋಣೆ ಸಿಗದು. ನಮ್ಮವರಿಗೆ ಜೂನ್ ಆದದ್ದು ಅನುಕೂಲವೇ.

ಬೆಟ್ಟದ ಭಾಗಕ್ಕೆ ಬಂದಾಗ ನಾನು ಹೆಚ್ಚು ಹೊತ್ತು ತೆಗೆದುಕೊಂಡೆ. ವಯೋಮಿಂಗಿನ ಬಿಗ್‌ಹಾರ್ನ್ ಶ್ರೇಣಿಯನ್ನು 16ನೆಯ ಹೆದ್ದಾರಿಯಲ್ಲಿ ದಾಟುವಾಗ ಪೌಡರ್ ರಿವರ್ ಕಣಿವೆದಾರಿಯ ಎತ್ತರ 2,946 ಮೀಟರ್. ನಮ್ಮ ಕಡೆಯವರು ಕಂಡ ಅತಿ ಎತ್ತರದ ಜಾಗವೆಂದರೆ ನೀಲಗಿರಿಯ ದೊಡ್ಡಬೆಟ್ಟ, ಅದು 2,637. ನಾವು ಬಯಲಿನಿಂದ ಒಂದೇ ಮಧ್ಯಾಹ್ನದಲ್ಲಿ ಅಲ್ಲಿಗೇರಿದೆವು. ಮೇಲೆ ಇಳಿದು ನಾಲ್ಕು ಹೆಜ್ಜೆ ನಡೆದದ್ದೇ ನನ್ನಾಕೆಗೆ ಉಸಿರು ಸಿಗದೆ, ತಲೆ ಸುತ್ತಿ, ಮುಖ ಬೆಳ್ಳಗಾಯಿತು. ಹೃದಯಕ್ಕೇನೋ ಆಯಿತೆಂದು ಮಗಳು ಅತ್ತಳು. ಬೇಗನೆ ಕೆಳಗಿಳಿದ ಮೇಲೆ ಸರಿಹೋಯಿತು. ಅಂದು ಇಳಿದ ಪ್ರತಿಯೊಂದು ತಿರುವೂ ನನಗೆ ನೆನಪಿದೆ. ಆದ್ದರಿಂದ ಹೊಸ ಯೋಜನೆಯಲ್ಲಿ ಬೆಟ್ಟದ ಬುಡದ ಬಫಲೊ ಪಟ್ಟಣದಲ್ಲಿ ಒಂದು ರಾತ್ರಿ ನಿಲುಗಡೆ, ಬೆಳಗ್ಗೆ ನಿಧಾನವಾಗಿ ಏರುವುದು, ಮೇಲೆ ಹೆಚ್ಚು ನಡೆಯದಿರುವುದು, ಸಂಜೆ ಕೋಡಿ ಪಟ್ಟಣ. ರಕ್ತದೊತ್ತಡ, ಹೃದಯದ ತೊಂದರೆ ಇರುವವರು ಹೊರಡುವ ಮುನ್ನ ತಮ್ಮ ವೈದ್ಯರಲ್ಲಿ ಎತ್ತರದ ವಿಷಯವನ್ನು ಸ್ಪಷ್ಟವಾಗಿ ಹೇಳಬೇಕು. ಅಮೆರಿಕಕ್ಕೆ ಹೋಗುತ್ತೇನೆ ಎಂದಷ್ಟೇ ಹೇಳಿದರೆ ಸಾಲದು. ಮಗನ ಪಟ್ಟಿಯಲ್ಲಿದ್ದ ಬೇರ್‌ಟೂತ್ ಹೆದ್ದಾರಿ 3,337 ಮೀಟರಿಗೆ ಏರುತ್ತದೆ. ಅತ್ಯಂತ ಸುಂದರವೆಂದು ಕೇಳಿದ್ದೇನೆ. ಹೊಡೆದುಹಾಕಿದೆ.

ಹೊಡೆದುಹಾಕುತ್ತಾ ಹೋದವನು ಯೆಲ್ಲೋಸ್ಟೋನನ್ನೂ ಬಿಟ್ಟು, ಕರಡಿಯ ಬೀಡಿನಿಂದಲೇ ಹಿಂದಿರುಗಬಹುದಲ್ಲ ಎಂದು ಸೂಚಿಸಿದ್ದೆ. ದೂರ ಸಾಕಷ್ಟು ಕಡಿಮೆಯಾಗುತ್ತಿತ್ತು. ಆ ತಾಯಿ ಮಾತ್ರ ಒಪ್ಪಲಿಲ್ಲ. ಚಿಕ್ಕಂದಿನಲ್ಲಿ ಪುತ್ತೂರಿನ ಹತ್ತಿರ ಇರ್ದೆಯ ಬೆಂದ್ರ್ ತೀರ್ಥಕ್ಕೆ ಹೋಗಿ ನೆಲದೊಳಗಿಂದ ಬೆಚ್ಚಗಿನ ನೀರು ಬರುವುದನ್ನು ಕಂಡವರು. ಅದು ಕುದಿದು ಆಕಾಶಕ್ಕೆ ಚಿಮ್ಮುವುದನ್ನು ಒಮ್ಮೆ ನೋಡಬೇಕಂತೆ. ಸರಿ, ಅದು ಉಳಿಯಿತು. ಉಳಿದ ಎಂಟು ಸ್ಥಳಗಳು ಹೋದವು. 1872ರಲ್ಲಿ ಸ್ಥಾಪಿತವಾದ, ಜಗತ್ತಿನ ಮೊದಲ ರಾಷ್ಟ್ರೀಯ ಉದ್ಯಾನ ಅದು. ವಿಸ್ತಾರ ಸುಮಾರು 8,900 ಚದರ ಕಿಲೋಮೀಟರ್, ಕಾಸರಗೋಡಿನಂಥ ನಾಲ್ಕು ಜಿಲ್ಲೆಗಳನ್ನು ಒಳಗಿಟ್ಟರೂ ಜಾಗ ಮಿಗುತ್ತದೆ. ಒಳಗಿನ ಎಂಟರಾಕಾರದ ರಸ್ತೆಯೇ 229 ಕಿಲೋಮೀಟರ್. ಆದ್ದರಿಂದ ಎರಡು ದಿನ. ಓಲ್ಡ್ ಫೇಯ್ತ್‌ಫುಲ್ ಎಂಬ ಬಿಸಿನೀರ ಚಿಲುಮೆ ಸರಾಸರಿ ಒಂದೂವರೆ ಗಂಟೆಗೊಮ್ಮೆ ಚಿಮ್ಮುತ್ತದೆ. ಬೇಗ ಹೋಗಿ ಮುಂದಿನ ಬೆಂಚಿನಲ್ಲಿ ಕುಳಿತು ಕಾಯಬೇಕು. ನಾವು ಓಡಿಬಂದು ಜನರ ಬೆನ್ನುಗಳನ್ನು ನೋಡಿದೆವು. ಒಳಗಿನ ವಸತಿಗೃಹಗಳು ವರ್ಷದ ಮೊದಲೇ ತುಂಬುವುದರಿಂದ ಹೊರಗಿನ ವೆಸ್ಟ್ ಯೆಲ್ಲೋಸ್ಟೋನ್ ಪಟ್ಟಣದಲ್ಲಿ ಉಳಿಯುವುದು. ಉದ್ಯಾನದೊಳಗೆ ಹೆಚ್ಚಿನ ಕಡೆ ಫೋನು ಮೂಕ. ಕಾಗದದ ನಕಾಶೆ ಬೇಕು. 2026ರ ಆರಂಭದಿಂದ ಆ ದೇಶದ ನಿವಾಸಿಗಳಲ್ಲದವರಿಗೆ ತಲಾ 100 ಡಾಲರ್ ಹೆಚ್ಚುವರಿ ಶುಲ್ಕವನ್ನು ವಿಧಿಸಿದ್ದಾರೆ. ಪಾಸಿನ ಲೆಕ್ಕವನ್ನು ಮಗ ಮೊದಲೇ ವಿಚಾರಿಸಿಕೊಳ್ಳಲಿ.

ಕೊನೆಯದಾಗಿ ಅಡುಗೆಯ ಮಾತು, ಏಕೆಂದರೆ ಆ ತಾಯಿ ಕೇಳಿದ ಮೊದಲ ಪ್ರಶ್ನೆಯೇ ಅದಾಗಿತ್ತು. ಅಷ್ಟು ಎತ್ತರದಲ್ಲಿ ನೀರು 93 ಡಿಗ್ರಿಗೇ ಕುದಿಯುತ್ತದೆ. ಕುಚ್ಚಲಕ್ಕಿ ತೆರೆದ ಪಾತ್ರೆಯಲ್ಲಿ ಬೇಯುವ ಆಸೆ ಬೇಡ, ಕುಕ್ಕರ್ ಒಯ್ಯಲೇಬೇಕು. ಕರಡಿಯ ನಾಡಾದುದರಿಂದ ತಿನ್ನುವ ಪದಾರ್ಥವನ್ನು ಹೊರಗೆ ಬಿಡುವಂತಿಲ್ಲ, ಮಾವಿನ ಮಿಡಿ ಉಪ್ಪಿನಕಾಯಿಯ ಭರಣಿಯೂ ಅದರಲ್ಲಿ ಸೇರಿತು.

ಪಟ್ಟಿಯ ಹೊಸ ಪ್ರತಿ ಸಿದ್ಧವಾಗಿದೆ: ಹನ್ನೊಂದು ದಿನ, ಎಂಟು ಸ್ಥಳ, ಮೂರು ದಿನ ಬರಿದೇ ಮರಳುವ ದಾರಿ. ಮಗನಿಗೆ ಸ್ವಲ್ಪ ಸಪ್ಪೆಯೆನಿಸಿರಬೇಕು, ಒಪ್ಪಿದ್ದಾನೆ. ನನ್ನಾಕೆಗೆ ಮಂಡಿನೋವು, ಇನ್ನು ಅಷ್ಟು ದೂರ ಹೋಗುವುದು ಆಗದ ಮಾತು. ನಿನ್ನೆ ಪಟ್ಟಿಯನ್ನು ಕೊಡಲು ಹೊರಟಾಗ ತಾನೂ ಬಂದಳು. ಅಲ್ಲಿ ಯೆಲ್ಲೋಸ್ಟೋನಿನ ಮಾತಾಗಲಿ ರಶ್‌ಮೋರಿನ ಮಾತಾಗಲಿ ಎತ್ತಲಿಲ್ಲ. ಮೊದಲ ದಿನದ ಸಾಲಿನ ಮೇಲೆ ಬೆರಳಿಟ್ಟು ನೆರೆಮನೆಯಾಕೆಗೆ ಹೇಳಿದಳು: “ಅಲ್ಲಿ ಇಳಿದಾಗ ಒಂದು ಎಸಳನ್ನು ಬುಡದಿಂದ ತುದಿಗೆ ಸವರಿ ನೋಡು. ನಮ್ಮ ಮುಳಿಹುಲ್ಲಿನ ಹಾಗೆ ಬೆರಳು ಕೊಯ್ಯುತ್ತದೋ ಇಲ್ಲವೋ, ಬಂದು ಹೇಳು.”